ನಿಂಬೆಹಣ್ಣಿನ ಬಿಲ್ಲು

ಮೆಲ್ಬರ್ನಿನ ನಮ್ಮ ಪುಟ್ಟ ಕನ್ನಡ ಬಳಗಕ್ಕೆ ಬಹಳ ವರ್ಷ ಖಜಾಂಚಿಯಾಗಿದ್ದವನು ನಾನು. ಯುಗಾದಿ ಹಬ್ಬಕ್ಕೆ ಸರ್ಕಾರ ಅನುದಾನ ಕೊಟ್ಟಾಗ ಚಿತ್ರಾನ್ನದ ನಿಂಬೆಹಣ್ಣಿನ ಬಿಲ್ಲನ್ನೂ ಬಿಡದೆ ಅಂಟಿಸಿದ್ದೇನೆ. ಹಾಗಾಗಿ ಈ ಲೆಕ್ಕದ ಚರಿತ್ರೆಯಲ್ಲಿ ನಾನು ನಿಷ್ಪಕ್ಷಪಾತಿಯಲ್ಲ.

ವಲಸಿಗರ ಸಂಘಗಳತ್ತ ಸರ್ಕಾರದ ಹಣ ಹೆಚ್ಚಾಗಿ ಹರಿದದ್ದು ವಲಸಿಗರ ಸೇವೆಗಳ ಕುರಿತ 1978ರ ಗಾಲ್ಬಲಿ ವರದಿಯ ನಂತರ. ಸಣ್ಣ ಸಂಘಗಳು ಸುಲಭವಾಗಿ ನೋಂದಾಯಿಸಿಕೊಳ್ಳಲು ವಿಕ್ಟೋರಿಯಾ 1981ರಲ್ಲಿ, ನ್ಯೂ ಸೌತ್ ವೇಲ್ಸ್ 1984ರಲ್ಲಿ ಕಾಯಿದೆ ತಂದವು. ನೋಂದಣಿಯ ಬೆನ್ನಿಗೇ ಬಂದವು ವಾರ್ಷಿಕ ಸಭೆ, ಲೆಕ್ಕಪತ್ರದ ಮಂಡನೆ, ಇಲಾಖೆಗೆ ಸಲ್ಲಿಸುವ ವಿವರ. ಊರಿನಲ್ಲಿ 1960ರ ಸಂಘಗಳ ನೋಂದಣಿ ಕಾಯಿದೆಯನ್ನು ಕಂಡು ಬಂದವರಿಗೆ ಇದೇನೂ ಹೊಸದಲ್ಲ. ಹೊಸದೆಂದರೆ 2012ರ ಡಿಸೆಂಬರಿನಲ್ಲಿ ಶುರುವಾದ ಚಾರಿಟಿ ಆಯೋಗ. ಅಲ್ಲಿ ನೋಂದಣಿಯಾದ ಸಂಸ್ಥೆಯನ್ನು ನಡೆಸುವವರು ಯಾರು, ಸರ್ಕಾರದಿಂದ ಬಂದ ಹಣವೆಷ್ಟು ಎಂಬುದನ್ನು ಯಾರು ಬೇಕಾದರೂ ಪುಕ್ಕಟೆ ನೋಡಬಹುದು. 2014ರಲ್ಲಿ ಆಯೋಗವನ್ನೇ ರದ್ದು ಮಾಡುವ ಮಸೂದೆ ಬಂತು, ಪಾಸಾಗಲಿಲ್ಲ.

ಇಸಿದುಕೊಂಡವರ ಕಥೆ ಇಷ್ಟು. ಕೊಟ್ಟವರದು? ಕೇಂದ್ರದ ಕ್ರೀಡಾ ಸಚಿವೆ ರಾಸ್ ಕೆಲ್ಲಿ ಸುಮಾರು 3 ಕೋಟಿ ಡಾಲರ್ ಅನುದಾನ ಹಂಚಿದ್ದರು. ಯಾರಿಗೆ ಯಾಕೆ ಕೊಟ್ಟಿರಿ ಎಂಬುದಕ್ಕೆ ಸರಿಯಾದ ದಾಖಲೆಯೇ ಇಲ್ಲವೆಂದು 1993ರಲ್ಲಿ ಆಡಿಟರ್ ಜನರಲ್ ಬರೆದರು. ಸಚಿವೆಯ ಕಚೇರಿಯ ದೊಡ್ಡ ವೈಟ್‌ಬೋರ್ಡಿನ ಮೇಲೆ ಬರೆದು ಅಳಿಸಿಬಿಟ್ಟಿದ್ದರಂತೆ! ಮರುವರ್ಷ ಸಚಿವೆ ರಾಜೀನಾಮೆ ಕೊಟ್ಟರು. ನಾನು ಬೋರ್ಡಿನ ಮೇಲೆ ಲೆಕ್ಕ ಬರೆದು ಅಳಿಸಿದ್ದರೆ ನಮ್ಮ ಮಹಾಸಭೆ ಊಟದವರೆಗೂ ಕಾಯುತ್ತಿರಲಿಲ್ಲ.

ಕೇಂದ್ರದ ಇಲಾಖೆಗಳು ಕೊಟ್ಟ ಅನುದಾನವನ್ನೆಲ್ಲ ಗ್ರಾಂಟ್‌ಕನೆಕ್ಟ್ ಎಂಬ ಒಂದೇ ಜಾಗದಲ್ಲಿ, 21 ದಿನದೊಳಗೆ ಪ್ರಕಟಿಸಬೇಕೆಂಬ ನಿಯಮ ಬರಲು 2017ರ ಕೊನೆಯಾಯಿತು. ಸಿಡ್ನಿಯದು ಇನ್ನೂ ತಡ. ಅಲ್ಲಿನ ನ್ಯೂ ಸೌತ್ ವೇಲ್ಸ್ ಸರ್ಕಾರ ಸ್ಥಳೀಯ ಮಂಡಳಿಗಳಿಗೆ 25 ಕೋಟಿ ಡಾಲರಿಗೂ ಹೆಚ್ಚು ಹಂಚಿತ್ತು. ಪ್ರೀಮಿಯರ್ ಕಚೇರಿಯಲ್ಲಿ ಅದರ ಟಿಪ್ಪಣಿಗಳನ್ನು ಶ್ರೆಡರಿಗೆ ಹಾಕಿದ ಸುದ್ದಿ 2020ರಲ್ಲಿ ಹೊರಬಿತ್ತು. ಸಿಡ್ನಿಯಲ್ಲಿ ಖಜಾಂಚಿಯಾಗಿದ್ದ ಗೆಳೆಯ ಅಂದು ಫೋನ್ ಮಾಡಿ, “ನಿಮ್ಮಲ್ಲಿ ಲೆಕ್ಕದ ಕಾಗದ ಎಷ್ಟು ವರ್ಷ ಇಡಬೇಕು ಮಾರಾಯಾ?” ಅಂದ.

“7 ವರ್ಷ.”

“ನೋಡು, ಗ್ಯಾರೇಜಿನಲ್ಲಿ ಕಾರಿಗೆ ಜಾಗವಿಲ್ಲ ನನಗೆ.”

ರಾಜ್ಯದ ಇಲಾಖೆಗಳು ಕೊಟ್ಟ ಅನುದಾನವನ್ನು ಪ್ರಕಟಿಸಲೇಬೇಕೆಂದು ನ್ಯೂ ಸೌತ್ ವೇಲ್ಸ್ ಕಟ್ಟಳೆ ಮಾಡಿದ್ದು 2022ರಲ್ಲಿ.