ಕಕ್ಕಡದ ಮದ್ದುಸೊಪ್ಪು

ವಯನಾಡಿನ ಗಡಿಗೆ ತಗಲಿಕೊಂಡಿರುವ ಕುಟ್ಟದಲ್ಲಿಯೂ ಕೊಡಗಿನ ಇತರ ಊರುಗಳಲ್ಲಿಯೂ ಕಕ್ಕಡ ಮಾಸದ 18ನೆಯ ದಿನ, ಎಂದರೆ ಆಗಸ್ಟ್ 3ರ ಸುಮಾರಿಗೆ, ಮದ್ದುಸೊಪ್ಪಿನ ಪಾಯಸವನ್ನು ಉಣ್ಣುವ ಪದ್ಧತಿಯು ತಲೆಮಾರುಗಳಿಂದ ನಡೆದುಬಂದಿದೆ. ಸೊಪ್ಪನ್ನು ದಂಟುಸಹಿತ ಕುದಿಸಿ ಸೋಸಿದರೆ ಕಡುನೇರಳೆ ಬಣ್ಣದ ಕಷಾಯವು ದೊರೆಯುವುದು. ಅದರಲ್ಲಿ ಅಕ್ಕಿಯನ್ನು ಬೇಯಿಸಿ ಬೆಲ್ಲವನ್ನೂ ತೆಂಗಿನಕಾಯನ್ನೂ ಕೂಡಿಸುವರು. ಆ ದಿನ ಗಿಡದಲ್ಲಿ 18 ಬಗೆಯ ಔಷಧಗಳು ನೆಲಸುವುವೆಂದು ಹಿರಿಯರ ನಂಬಿಕೆ. ಉಂಡವರ ಮೂತ್ರವು ಕೆಂಪಾದರೆ ಮದ್ದು ಮೈಗೆ ಹತ್ತಿತೆಂದು ಎಣಿಸುವರು.

ಕಕ್ಕಡವೆಂದರೆ ಕರ್ಕಾಟಕ ಮಾಸ. ಮಳೆ ಬಿಡದೆ ಸುರಿಯುವ ಆ ಕಾಲದಲ್ಲಿ ಜನರು ಇಡೀ ದಿನ ಕೆಸರುಗದ್ದೆಯಲ್ಲಿ ನಿಂತು ನಾಟಿ ಮಾಡಬೇಕಾಗಿತ್ತು. ಶೀತಕ್ಕೂ ಆಯಾಸಕ್ಕೂ ಪ್ರತಿಯಾಗಿ ದೇಹಕ್ಕೆ ಕಸುವನ್ನೀಯುವ ಆಹಾರವನ್ನು ಪೂರ್ವಿಕರು ಅರಸಿದುದು ಸಹಜವೇ ಸರಿ.

ಸಸ್ಯಶಾಸ್ತ್ರದಲ್ಲಿ ಈ ಗಿಡದ ಹೆಸರು ಜಸ್ಟೀಷಿಯ ವೈನಾಡೆನ್ಸಿಸ್. ಮೊದಲನೆಯ ಪದವು ಸ್ಕಾಟ್ಲೆಂಡಿನ ಉದ್ಯಾನಕಾರ ಜೇಮ್ಸ್ ಜಸ್ಟಿಸನ ನೆನಪಿಗೆ ಸಂದುದು. ಲಿನ್ನೇಯಸನು 1753ರ ತನ್ನ ಗ್ರಂಥದಲ್ಲಿ ಅದನ್ನು ಸ್ಥಿರಪಡಿಸಿದನು. ಎರಡನೆಯದು ವಯನಾಡಿನದು. ವೈದ್ಯಗ್ರಂಥಗಳಲ್ಲಿ ವಾಸಾ ಎಂದು ಪ್ರಸಿದ್ಧವಾದ ಆಡುಸೋಗೆಯೂ ಇದೇ ಕುಲಕ್ಕೆ ಸೇರಿದುದು. ಹೀಗೆ ಶಾಸ್ತ್ರವು ಗಿಡದ ಹೆಸರಿನಲ್ಲಿ ಊರನ್ನು ಉಳಿಸಿತು. ಅದನ್ನು ಬಳಸುವ ಬಗೆಯನ್ನು ಉಳಿಸಿದವರು ಅಡಿಗೆಮನೆಯ ಹೆಂಗಸರು.

ಜೀವಕೋಶಗಳಲ್ಲಿ ಆಮ್ಲಜನಕದ ವ್ಯಾಪಾರದಿಂದ ಹುಟ್ಟುವ ಚಂಚಲ ಕಣಗಳು ಮುಪ್ಪಿಗೆ ಕಾರಣವೆಂಬ ವಾದವನ್ನು ಡೆನ್ಹಮ್ ಹಾರ್ಮನ್ 1956ರಲ್ಲಿ ಮುಂದಿಟ್ಟನು. ಅಂತಹ ಕಣಗಳನ್ನು ಶಮನಗೊಳಿಸುವ ದ್ರವ್ಯಗಳನ್ನು ಉತ್ಕರ್ಷಣನಿರೋಧಕಗಳೆನ್ನುವರು. ಇವನ್ನು ಅಳೆಯಲು ಬ್ಲಾಯ್ಸ್ ಎಂಬಾತನು 1958ರಲ್ಲಿ ಒಂದು ಉಪಾಯವನ್ನು ಪ್ರಕಟಿಸಿದನು: ನೇರಳೆ ದ್ರಾವಣಕ್ಕೆ ಸಸ್ಯದ ಸಾರವನ್ನು ಬೆರಸಿದಾಗ ನಿರೋಧಕಗುಣವಿದ್ದರೆ ಅದು ಹಳದಿಗೆ ತಿರುಗುವುದು. ಈ ಶತಮಾನದ ಪರೀಕ್ಷೆಗಳಲ್ಲಿ ಮದ್ದುಸೊಪ್ಪಿನ ಸಾರದಲ್ಲಿಯೂ ಫೀನಾಲಿಕ ದ್ರವ್ಯಗಳೂ ಫ್ಲೇವನಾಯ್ಡುಗಳೂ ನಿರೋಧಕಗುಣವೂ ಕಂಡುಬಂದಿವೆ.

ಇಷ್ಟರಿಂದಲೇ 18 ಔಷಧಗಳೂ ಸಿದ್ಧವಾದುವೆಂದು ಹಿಗ್ಗುವುದು ತರವಲ್ಲ. ಗಾಜಿನ ಪಾತ್ರೆಯಲ್ಲಿ ತೋರಿದ ಗುಣವು ದೇಹದಲ್ಲಿಯೂ ಹಾಗೆಯೇ ನಡೆಯುವುದೆಂಬ ನಿಯಮವಿಲ್ಲ. ಕೆಂಪಾದ ಮೂತ್ರವು ಬಣ್ಣವು ಹೊರಬಿದ್ದುದಕ್ಕೆ ಸಾಕ್ಷಿ, ರೋಗವು ಹೊರಬಿದ್ದುದಕ್ಕಲ್ಲ. ಹಾಗೆಂದು ಪದ್ಧತಿಯನ್ನು ಮೌಢ್ಯವೆಂದು ತಳ್ಳುವುದೂ ಅವಿವೇಕವೇ. ಪರೀಕ್ಷಿಸತಕ್ಕ ಗಿಡ ಯಾವುದೆಂಬುದನ್ನು ಪಂಡಿತರಿಗೆ ತೋರಿಸಿಕೊಟ್ಟುದು ಆ ಪದ್ಧತಿಯೇ.

ಇಂದು ಕೊಡಗಿನ ಗದ್ದೆಗಳು ಕಡಮೆಯಾಗುತ್ತಿವೆ. ಸೊಪ್ಪು ಸಂತೆಯಲ್ಲಿ ಕಟ್ಟಾಗಿ ಮಾರಾಟವಾಗುತ್ತಿದೆ. ಕೊಂಡು ತಂದ ಸೊಪ್ಪಿನಿಂದಲೂ ಪಾಯಸವಾಗುವುದು ನಿಜ. ಆದರೆ ಗಿಡವನ್ನು ಹಸುರಿನ ನಡುವೆ ಗುರುತಿಸಬಲ್ಲ ಕಣ್ಣು ಸಂತೆಯಲ್ಲಿ ದೊರೆಯದು. ಮನೆಯ ಹಿತ್ತಿಲಿನ ನೆರಳಿನಲ್ಲಿ ಒಂದೆರಡು ಗಿಡಗಳನ್ನು ಬೆಳಸಿ ಮಕ್ಕಳಿಗೆ ತೋರಿಸಿದರೆ ಆ ಅರಿವು ಮುಂದಿನವರಿಗೂ ಸಲ್ಲುವುದು.