ರಾಣಿಖೇತದ ಹೆಸರು ಹೊತ್ತ ರೋಗ

1926ರಲ್ಲಿ ಜಾವಾದ ಕೋಳಿಗಳೂ ಇಂಗ್ಲೆಂಡಿನ ನ್ಯೂಕ್ಯಾಸಲ್ ಸುತ್ತಲಿನ ಕೋಳಿಗಳೂ ಗುಂಪುಗುಂಪಾಗಿ ಸತ್ತವು. ಕೆಲವೇ ವರ್ಷಗಳಲ್ಲಿ ಕುಮಾವೂನ್ ಬೆಟ್ಟದ ರಾಣಿಖೇತದಲ್ಲೂ ಅದೇ ಹಾವಳಿ. ಪಾಪ, ಸುಂದರ ಗಿರಿಧಾಮಕ್ಕೆ ಅಂಟಿದ್ದು ರೋಗದ ಕೀರ್ತಿ!

ನಮ್ಮ ಹಳ್ಳಿಗಳಲ್ಲಿ ಇದು ಕೊಕ್ಕರೆ ರೋಗ. ಹಸಿರು ಭೇದಿ, ಏದುಸಿರು, ತಿರುಚಿದ ಕತ್ತು. ಲಸಿಕೆಯಿಲ್ಲದ ಹಿಂಡಾದರೆ ಗೂಡೇ ಖಾಲಿ.

ಇದನ್ನು ತಡೆಯುವ ಲಸಿಕೆ ಹುಟ್ಟಿದ್ದೂ ಅದೇ ಕುಮಾವೂನಿನಲ್ಲಿ. 1940ರ ದಶಕದಲ್ಲಿ ಮುಕ್ತೇಶ್ವರದ ಪಶುವೈದ್ಯ ಸಂಶೋಧನಾ ಸಂಸ್ಥೆಯಲ್ಲಿ ವಿಜ್ಞಾನಿಗಳಾದ ಹ್ಯಾಡೋ ಮತ್ತು ಇದ್ನಾನಿ ಈ ರೋಗದ ವೈರಾಣುವನ್ನು ಕೋಳಿಮೊಟ್ಟೆಯ ಭ್ರೂಣಗಳಲ್ಲಿ ಮತ್ತೆಮತ್ತೆ ಬೆಳೆಸಿ ಪಳಗಿಸಿದರು. ಪಳಗಿದರೂ ಅದರ ಖಾರ ಪೂರ್ತಿ ಇಳಿಯಲಿಲ್ಲ. ಎಳೆ ಮರಿಗಳು ತಡೆಯಲಾರವು. ಹಾಗಾಗಿ ಮರಿಗಳಿಗೆ ಮೊದಲು ಲಸೋಟಾದಂಥ ಸೌಮ್ಯ ಲಸಿಕೆ, ಕಣ್ಣಿಗೋ ಮೂಗಿಗೋ ಹನಿ. ಆರೆಂಟು ವಾರ ಕಳೆದ ಮೇಲೆ ರೆಕ್ಕೆಯಡಿ ಮುಕ್ತೇಶ್ವರದ ಚುಚ್ಚುಮದ್ದು.