ಹೊರುವವನ ಗುಡಾರ

ಗುಡಾರವೆಂದೊಡನೆ ನಮ್ಮ ನೆನಪು ಅರಸರ ಪಾಳೆಯದ ಕಡೆಗೆ ಹೋಗುವುದು ಸಹಜ. ಟಿಪ್ಪುವಿನದೆಂದು ಹೆಸರಾದ, ಹೂವಿನ ಅಚ್ಚೊತ್ತಿದ ಹತ್ತಿಬಟ್ಟೆಯ ಗುಡಾರವೊಂದು 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕಡಲು ದಾಟಿ ವೇಲ್ಸಿನ ಪೊವಿಸ್ ಕೋಟೆಯನ್ನು ಸೇರಿತು. ಅದಕ್ಕೂ ಹಿಂದೆ ಅಕ್ಬರನ ಬಿಡಾರವನ್ನು ಸಾಗಿಸಲು 100 ಆನೆ, 500 ಒಂಟೆ, 400 ಬಂಡಿಗಳು ಬೇಕಾಗುತ್ತಿದ್ದುವೆಂದು ಅಬುಲ್ ಫಜಲನು ಬರೆದಿಟ್ಟಿದ್ದಾನೆ. ಅಂದಕ್ಕೇನೂ ಕೊರತೆಯಿಲ್ಲ. ಆದರೆ ಅಲ್ಲಿ ಮಲಗುವವನು ಬೇರೆ, ಹೊರುವವನು ಬೇರೆ. ಆದಕಾರಣ ತೂಕವೆಷ್ಟೆಂದು ಮಲಗುವವನು ಕೇಳಬೇಕಾದ ಪ್ರಮೇಯವೇ ಇರಲಿಲ್ಲ.

ಕೇಳಿದವರು ಬೇಟೆಯನ್ನು ನಂಬಿ ಬಾಳಿದವರು. ಉತ್ತರ ಅಮೆರಿಕದ ಹುಲ್ಲುಬಯಲಿನ ಮೂಲನಿವಾಸಿಗಳು ಬೈಸನ್ ಎಂಬ ಕಾಡುದನದ ಹಿಂಡನ್ನು ಅನುಸರಿಸಿ ಮಕ್ಕಳುಮರಿಗಳೊಡನೆ ನಡೆಯುತ್ತಿದ್ದರು. ಗಳುಗಳನ್ನು ಶಂಕುವಿನಾಕಾರದಲ್ಲಿ ನಿಲ್ಲಿಸಿ ಚರ್ಮ ಹೊದಿಸಿದ ಅವರ ಮನೆಗೆ 'ಟೀಪೀ' ಎಂದು ಹೆಸರು. ಹೊಲಿಯುವವರೂ ಎತ್ತಿ ನಿಲ್ಲಿಸುವವರೂ ಹೆಂಗಸರು. ಅನೇಕ ಬುಡಕಟ್ಟುಗಳಲ್ಲಿ ಮನೆಯ ಒಡೆತನವೂ ಅವರದೇ. ಮೊದಲು ಅದನ್ನು ಎಳೆಯುತ್ತಿದ್ದುದು ನಾಯಿಗಳು. ಆಗ ಮನೆ ಸಣ್ಣದು. ಸ್ಪೇನಿನವರ ಕುದುರೆಗಳು ಆ ಬಯಲಿಗೆ ಹಬ್ಬಿದ ಮೇಲೆ ಮನೆಯೂ ದೊಡ್ಡದಾಯಿತು. ಎಳೆಯುವ ಪ್ರಾಣಿಯ ಬಲವೇ ಮನೆಯ ಅಳತೆಗೋಲು! 1856ರಲ್ಲಿ ಹೆನ್ರಿ ಸಿಬ್ಲಿ ಎಂಬ ಸೇನಾಧಿಕಾರಿ ಇದೇ ಆಕಾರವನ್ನು ಎತ್ತಿಕೊಂಡು, ಹಲವು ಗಳುಗಳ ಬದಲು ನಡುವೆ ಒಂದೇ ಕಂಬ ನಿಲ್ಲಿಸಿ ಪೇಟೆಂಟು ಪಡೆದನು.

ಆದರೆ ಹಗುರವೆಂಬುದನ್ನು ಶಾಸ್ತ್ರದಂತೆ ಸಾಧಿಸಿದವನು ಒಬ್ಬ ಚಮ್ಮಾರ. ಪೆನ್ಸಿಲ್ವೇನಿಯಾದ ವೆಲ್ಸ್‌ಬರೊ ಊರಿನ ಜಾರ್ಜ್ ವಾಷಿಂಗ್ಟನ್ ಸಿಯರ್ಸ್ ಕುಳ್ಳ, ಕೃಶ. ಸಾಲದ್ದಕ್ಕೆ ಶ್ವಾಸಕೋಶದ ಕಾಯಿಲೆ. ಕಾಡಿನ ಹುಚ್ಚು ಮಾತ್ರ ಬಿಡದು. ಹೊರೆ ಹೊತ್ತರೆ ಪ್ರಾಣಕ್ಕೆ ಕುತ್ತು, ಹೊರದಿದ್ದರೆ ಕಾಡಿಲ್ಲ. ಆತ ಒಂದೊಂದು ವಸ್ತುವನ್ನೂ ಕೈಯಲ್ಲಿ ತೂಗಿ ನೋಡಿದನು. 1883ರಲ್ಲಿ ಅಡಿರಾಂಡಾಕ್ ಸರೋವರಗಳಲ್ಲಿ ಆತ ಒಬ್ಬನೇ ಸುತ್ತಿದ ದೋಣಿಯ ತೂಕ ಹತ್ತೂವರೆ ಪೌಂಡು, ಎಂದರೆ ಐದು ಕಿಲೋ ಕೂಡ ಇಲ್ಲ. ಇಂಥ ಒಂದು ಯಾತ್ರೆಯಲ್ಲಿ ದೋಣಿ, ಹೊದಿಕೆ, ಕೈಗೊಡಲಿ, ಎರಡು ದಿನದ ಆಹಾರ ಎಲ್ಲ ಸೇರಿ ಹೊರೆ 26 ಪೌಂಡು ಮೀರಲಿಲ್ಲವಂತೆ. 1884ರ ತನ್ನ 'ವುಡ್‌ಕ್ರಾಫ್ಟ್' ಪುಸ್ತಕದಲ್ಲಿ ಆತ ವರ್ಣಿಸುವ ಗುಡಾರಕ್ಕೆ ಮುಂಭಾಗ ಬಯಲು, ಹಿಂದಕ್ಕೆ ಇಳಿಜಾರು ಮಾಡು. ಎದುರಿಗೆ ಬೆಂಕಿ ಹಾಕಿದರೆ ಇಳಿಜಾರಿಗೆ ತಾಗಿದ ಕಾವು ಮಲಗಿದವನ ಮೈಮೇಲೆ ಬೀಳುತ್ತದೆ. ಮಳೆ ಸೋರದಿರಲು ಬಟ್ಟೆಯನ್ನು ಸುಣ್ಣ, ಪಟಿಕಗಳ ತಿಳಿನೀರಿನಲ್ಲಿ ನೆನೆಸಿ ಒಣಗಿಸುವುದು. ಪಟಿಕದ ಗುಣವನ್ನು ನಮ್ಮ ಬಣ್ಣಗಾರರಿಗೆ ಹೇಳಿಕೊಡಬೇಕಾಗಿಲ್ಲ.

ಅತ್ತ ಲಂಡನ್ನಿನಲ್ಲಿ ಥಾಮಸ್ ಹೈರಾಮ್ ಹೋಲ್ಡಿಂಗ್ ಎಂಬ ದರ್ಜಿ ಸೈಕಲ್ಲಿನ ಮೇಲೆ ಒಯ್ಯಬಲ್ಲ ಪುಟ್ಟ ಗುಡಾರಗಳನ್ನು ಹೊಲಿದನು. ಬಾಲ್ಯದಲ್ಲಿ, 1853ರಲ್ಲಿ, ತಂದೆತಾಯಿಗಳೊಡನೆ ಅಮೆರಿಕದ ಬಯಲನ್ನು ಬಂಡಿಯಲ್ಲಿ ದಾಟಿದವನು ಆತ. 1901ರಲ್ಲಿ ಸೈಕಲ್ ಬಿಡಾರಿಗರ ಸಂಘ, 1908ರಲ್ಲಿ ಬಿಡಾರದ ಕೈಪಿಡಿ ಇವು ಅವನ ಕೊಡುಗೆ. ಒಬ್ಬ ಚಮ್ಮಾರ, ಒಬ್ಬ ದರ್ಜಿ! ಸೂಜಿ ಹಿಡಿದ ಕೈಗೇ ಈ ಗುಟ್ಟು ತಿಳಿದದ್ದು ನನಗೇನೂ ಆಶ್ಚರ್ಯವಲ್ಲ.

ಇಂದು ನೈಲಾನ್ ಬಂದಿದೆ. ಅಮೆರಿಕದ ದೂರದ ಬೆಟ್ಟಗಳಿಗೆ ಬೇಟೆಗೆ ಹೋಗುವವರು ಒಂದೇ ಕಂಬದ, ನೆಲಹಾಸಿಲ್ಲದ ಗುಡಾರವನ್ನು ಆರಿಸಿಕೊಳ್ಳುವುದುಂಟು. ಅದರೊಳಗೆ ಮಡಿಚುವ ತಗಡಿನ ಒಲೆ. ನೋಡಿದರೆ ಸಿಬ್ಲಿಯದೇ ಆಕಾರ. ಕೆಸರುಗಾಲಿನಲ್ಲಿ ಒಳಗೆ ಬಂದರೂ ಚಿಂತೆಯಿಲ್ಲ. ಮಕ್ಕಳನ್ನು ಕರೆದೊಯ್ಯುವವರಿಗೆ ಇದು ಒಪ್ಪದು. ಹುಳುಹುಪ್ಪಟೆಗೆ ತಡೆಯಾಗಿ ನೆಲಹಾಸೂ ಸೊಳ್ಳೆಪರದೆಯೂ ಬೇಕು. ಅಷ್ಟು ತೂಕ ಹೆಚ್ಚಿದರೂ ಅದನ್ನು ಗಂಡಹೆಂಡಿರು ಹಂಚಿಕೊಂಡು ಹೊರಬಹುದು.

ಹಗುರ ಬಟ್ಟೆಗೊಂದು ದೋಷವುಂಟು. ಸಿಯರ್ಸನ ಹತ್ತಿಬಟ್ಟೆ ಉಸಿರಾಡುತ್ತಿತ್ತು. ನೀರಿಳಿಯದಂತೆ ಲೇಪಿಸಿದ ನೈಲಾನ್ ಉಸಿರಾಡದು. ಮಲಗಿದವರ ಉಸಿರಿನ ಆವಿ ಒಳಗೋಡೆಯಲ್ಲಿ ಹನಿಗಟ್ಟಿ ಬೆಳಗಿನೊಳಗೆ ಹಾಸಿಗೆಯನ್ನೇ ತೋಯಿಸುತ್ತದೆ. ಇನ್ನು ಚಳಿಯೆಂದು ಕಿಂಡಿಗಳನ್ನೆಲ್ಲ ಮುಚ್ಚಿ ಒಲೆ ಉರಿಸಿದರಂತೂ ವಾಸನೆಯಿಲ್ಲದ ಇಂಗಾಲದ ವಿಷಾನಿಲ ತುಂಬಿ, ಮಲಗಿದವರು ಏಳದೆ ಹೋಗಬಹುದು. ಟೀಪೀಯ ನೆತ್ತಿಯಲ್ಲಿ ಗಾಳಿ ಬೀಸುವ ಕಡೆಗೆ ತಕ್ಕಂತೆ ಗಳುವಿನಿಂದ ತಿರುಗಿಸುವ ಎರಡು ಕಿವಿಗಳಿರುತ್ತಿದ್ದುವು. ಹೊಗೆ ಹೊರಗೆ ಹೋಗುತ್ತಿದ್ದುದು ಅಲ್ಲಿಂದಲೇ.